ಎಲೆ ಎಸೆಸುವ ಆಟದ ಮೇಲಿನ ನಿಷೇಧ ಹಿಂತೆಗೆಯಿರಿ

ಜಾಲ್ಸೂರಿನ ನಮ್ಮ ಜಗಲಿಯಲ್ಲಿ ರಜೆಗೆ ಸೇರುವ ಮಕ್ಕಳೇ,

ಊರಿಗೆ ಮರಳುವ ಮುನ್ನ ನೀವು ಮಾಡಿಟ್ಟು ಹೋದ ಕಾನೂನನ್ನು ಓದಿದೆ. ‘ಎದುರಾಳಿಯ ಕೈಯಿಂದ ಎಲೆ ಎಸೆಸುವ ಯಾವ ಕಾರ್ಡನ್ನೂ ಇನ್ನು ಮುಂದೆ ಈ ಮನೆಯಲ್ಲಿ ಆಡಬಾರದು’ ಎಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು, ಎಲ್ಲರೂ ಸಹಿ ಹಾಕಿ, ‘ಮ್ಯಾಜಿಕ್’ ಆಟದ ಕಾರ್ಡುಗಳ ಡಬ್ಬದ ಮುಚ್ಚಳಕ್ಕೆ ಅಂಟಿಸಿದ್ದೀರಿ. ಆ ಹಾಳೆಯನ್ನು ಕಿತ್ತು ಹೊಸತು ಬರೆಯಿರಿ ಎಂದು ಕೇಳುವುದಕ್ಕೆ ಈ ಪತ್ರ. ಬೇರೆ ಮನೆಗಳಲ್ಲೂ ಇದೇ ತಕರಾರು ಇದ್ದೀತು, ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಸಿಟ್ಟಿಗೆ ಕಾರಣವಿತ್ತು, ಅದನ್ನು ಮೊದಲೇ ಒಪ್ಪುತ್ತೇನೆ. ತಂಗಿ ತನ್ನ ಎರಡನೇ ಸರದಿಗೇ ‘ಹಿಮ್ ಟು ಟುರಾಕ್’ ಇಳಿಸಿದಳು. ಎರಡು ಕಪ್ಪು ಮನಾ (ಎಲೆ ಆಡಲು ತೆರುವ ಶಕ್ತಿ) ಕೊಟ್ಟರೆ ಸಾಕು, ಎದುರಿನವನ ಕೈಯಿಂದ ಎರಡು ಎಲೆ ಹೋಗುತ್ತವೆ. ಯಾವ ಎರಡು ಎಂದು ಅವನೂ ಆರಿಸುವಂತಿಲ್ಲ, ಇವಳೂ ಆರಿಸುವಂತಿಲ್ಲ. ಅಣ್ಣನ ಕೈಯಲ್ಲಿ ಉಳಿದಿದ್ದ, ಮನಾ ಕೊಡುವ ಎರಡು ಲ್ಯಾಂಡ್ ಎಲೆಗಳೇ ಹೋದವು. ಆಮೇಲೆ ಅವನು ಒಂದೊಂದೇ ಎಲೆ ಎಳೆಯುತ್ತಾ, ಏನನ್ನೂ ಆಡಲಾಗದೆ, ಕೈತುಂಬ ದೈತ್ಯರನ್ನು ಹಿಡಿದುಕೊಂಡು ಕೂತ. ‘ನಾನು ಸೋತದ್ದಲ್ಲ ಮಾವಾ, ಆಡಲಿಕ್ಕೇ ಬಿಡಲಿಲ್ಲ’ ಎಂದ. ಆ ಮಾತು ನ್ಯಾಯವಾದದ್ದೇ.

ಆದರೆ ನೀವು ಒಂದು ಕಾರ್ಡಿನ ತಪ್ಪಿಗೆ ಒಂದು ವಿದ್ಯೆಯನ್ನೇ ಹೊರಗೆ ಹಾಕಿದ್ದೀರಿ. ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞರು ರೂಪಿಸಿದ ಈ ಆಟ 1993ರ ಆಗಸ್ಟಿನಲ್ಲಿ ಹೊರಬಂದಾಗಲೇ ಎಸೆಸುವ ಎಲೆಗಳು ಅದರೊಳಗಿದ್ದವು. ಹಾರಿಬಂದು ಪೆಟ್ಟು ಕೊಟ್ಟಾಗಲೆಲ್ಲ ಒಂದು ಎಲೆ ಕೀಳುವ ‘ಹಿಪ್ನಾಟಿಕ್ ಸ್ಪೆಕ್ಟರ್’ ಇತ್ತು. ಕೊಟ್ಟಷ್ಟೂ ಮನಾಕ್ಕೆ ತಕ್ಕಷ್ಟು ಎಲೆ ಕಿತ್ತುಹಾಕುವ ‘ಮೈಂಡ್ ಟ್ವಿಸ್ಟ್’ ಇತ್ತು. ಮೈಂಡ್ ಟ್ವಿಸ್ಟನ್ನು ಮುಂದೆ ಪಂದ್ಯಗಳಲ್ಲಿ ನಿಷೇಧಿಸಿದರು. ಎಸೆಸುವ ಆಟವನ್ನು ಮಾತ್ರ ನಿಷೇಧಿಸಲಿಲ್ಲ. ಅತಿಯಾದ ಒಂದು ಎಲೆಯನ್ನು ತೆಗೆದರು, ಮಿಕ್ಕದ್ದನ್ನು ಬಿಟ್ಟರು.

ನಮ್ಮ ಹಿರಿಯರು ಇದನ್ನೆಲ್ಲ ‘ಫಾರಿನ್ ಭೂತಗಳ ಆಟ’ ಅನ್ನುತ್ತಾರೆ. ಆದರೆ ಎಲೆ ಎಸೆಯುವ ಜಾಣ್ಮೆ ನಮ್ಮ ಆಟಗಳಲ್ಲೂ ಇದೆ. ಕಾಸರಗೋಡಿನ ಕಡೆಗೆ ದಾರಿ ಕವಲೊಡೆಯುವ ಈ ಊರಿನಲ್ಲಿ, ಮುಳ್ಳೇರಿಯಾ ಕಡೆಯ ನೆಂಟರು ಬಂದ ರಾತ್ರಿ ಇದೇ ಜಗಲಿಯಲ್ಲಿ ‘ಇಪ್ಪತ್ತೆಂಟು’ ಎಂಬ ಎಲೆಯಾಟ ಆಡುವುದನ್ನು ನೀವೇ ನೋಡಿದ್ದೀರಿ. 32 ಎಲೆ, ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು. ಕೇಳಿದ ಜಾತಿಯ ಎಲೆ ಕೈಯಲ್ಲಿ ಇಲ್ಲದಾಗ ಏನು ಎಸೆಯುತ್ತೀರಿ ಎನ್ನುವುದರಲ್ಲೇ ಆಟಗಾರನ ಯೋಗ್ಯತೆ ತಿಳಿಯುತ್ತದೆ. ಜೊತೆಗಾರ ಗೆಲ್ಲುತ್ತಿದ್ದರೆ ಎಕ್ಕವನ್ನೋ ಹತ್ತನ್ನೋ ಅವನ ಮಡಿಲಿಗೆ ಹಾಕಬೇಕು, ಎದುರಿನವರು ಗೆಲ್ಲುತ್ತಿದ್ದರೆ ಪಾಯಿಂಟಿಲ್ಲದ ಏಳೋ ಎಂಟೋ. ಎದುರಿನ ಸುತ್ತಿಗೆ ಹತ್ತು ಎಸೆದವನನ್ನು ನಿಮ್ಮ ಅಜ್ಜ ಹೇಗೆ ನೋಡುತ್ತಾರೆ ಎಂಬುದು ನಿಮಗೆ ಗೊತ್ತು.

ಎಸೆಯುವುದೂ ಕೌಶಲ ಎಂಬುದು ಜಗಲಿಯ ಅಭಿಪ್ರಾಯ ಮಾತ್ರವಲ್ಲ. ಸಿಕಂದರಾಬಾದಿನ ಒಂದು ಕ್ಲಬ್ಬಿನಲ್ಲಿ ನಡೆಯುತ್ತಿದ್ದ ರಮ್ಮಿಯ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ರಮ್ಮಿ ಮೂರೆಲೆಯ ಹಾಗೆ ಬರೀ ಅದೃಷ್ಟದ ಆಟವಲ್ಲ, ಪ್ರಧಾನವಾಗಿ ಕೌಶಲದ್ದು ಎಂದು ನ್ಯಾಯಾಲಯ 1967ರಲ್ಲಿ ಹೇಳಿತು. ಕೊಟ್ಟ ಕಾರಣಗಳಲ್ಲಿ ಎರಡನ್ನು ನೆನಪಿಡಿ: ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಎಸೆಯಬೇಕು ಎಂಬುದಕ್ಕೆ ಜಾಣ್ಮೆ ಬೇಕು. ನನ್ನ ವಾದವೂ ಅಲ್ಲೇ ನಿಂತಿದೆ. ಆರಿಸಿ ಎಸೆಯುವುದು, ಆರಿಸಿ ಎಸೆಸುವುದು ಕೌಶಲ. ಕಣ್ಣುಮುಚ್ಚಿ ಕೀಳುವುದು ಅದೃಷ್ಟ. ನಿಮ್ಮ ಕಾನೂನು ಇವೆರಡನ್ನೂ ಒಂದೇ ಡಬ್ಬಕ್ಕೆ ತುಂಬಿದೆ.

ಆ ‘ಹಿಮ್’ ಇಳಿದ ಮಾರನೆಯ ದಿನದ ಆಟ ನೆನಪಿದೆಯೇ? ತಂಗಿ ಮೊದಲ ಸರದಿಯಲ್ಲಿ ‘ಥಾಟ್‌ಸೀಜ್’ ಇಳಿಸಿದಳು. ತನ್ನ ಎರಡು ಜೀವ ಕಳೆದುಕೊಂಡು ಎದುರಿನವನ ಕೈಯನ್ನು ಪೂರ್ತಿ ನೋಡಿ, ಲ್ಯಾಂಡ್ ಬಿಟ್ಟು ಬೇರೆ ಯಾವುದಾದರೂ ಒಂದನ್ನು ತೆಗೆಸುವ ಎಲೆ ಅದು. ಅಣ್ಣ ಏಳು ಎಲೆಯನ್ನೂ ಚಾಪೆಯ ಮೇಲೆ ಹರಡಿದ. ಎರಡು ಲ್ಯಾಂಡ್, ಒಂದು ‘ಲಾನೊವಾರ್ ಎಲ್ವ್ಸ್’, ಮಿಕ್ಕ ನಾಲ್ಕೂ ಐದಾರು ಮನಾ ಬೇಡುವ ದೈತ್ಯರು. ಅವಳು ಎಲ್ಲಕ್ಕಿಂತ ದೊಡ್ಡ ದೈತ್ಯನನ್ನು ತೆಗೆಸಿದಳು. ಅದರ ಚಿತ್ರವೇ ಹೆದರಿಸುವ ಹಾಗಿತ್ತು. ತೆಗೆಸಬೇಕಾಗಿದ್ದದ್ದು ಆ ಸಣ್ಣ ಎಲ್ವ್ಸನ್ನು. ಎರಡೇ ಲ್ಯಾಂಡ್ ಇದ್ದವನಿಗೆ ಸರದಿಗೊಂದು ಹೆಚ್ಚಿನ ಮನಾ ಕೊಡುವುದು ಅದೊಂದೇ. ಅದು ಹೋದರೆ ದೈತ್ಯರು ನಾಲ್ವರಿದ್ದರೂ ಕೈಯಲ್ಲೇ ಕೊಳೆಯಬೇಕು. ಅಣ್ಣ ಎಲ್ವ್ಸ್ ಇಳಿಸಿದ, ಲ್ಯಾಂಡ್ ಎಳೆದ, ಗೆದ್ದ. ಎದುರಿನವನ ಏಳು ಎಲೆ ನೋಡಿ ಅವನ ಮುಂದಿನ ನಾಲ್ಕು ಸರದಿಯನ್ನು ಊಹಿಸುವ ಈ ಪಾಠವನ್ನು ಬೇರೆ ಯಾವ ಎಲೆ ಕಲಿಸುತ್ತದೆ, ಹೇಳಿ.

ಈ ತಂತ್ರಕ್ಕೆ ಸೋಲೂ ಇದೆ. ಎಸೆಸುವ ಎಲೆಗೆ ಬೆಲೆ ಇರುವುದು ಆಟದ ಮೊದಲ ಕೆಲವು ಸರದಿಗಳಲ್ಲಿ. ಎದುರಿನವನ ಕೈ ಬರಿದಾದ ಮೇಲೆ ಎಳೆದ ಥಾಟ್‌ಸೀಜಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ. ಅವನು ಎಳೆದದ್ದನ್ನು ಕೂಡಲೇ ಆಡಿಬಿಡುತ್ತಾನೆ. ಆದ್ದರಿಂದ ಕೈ ಬರಿದು ಮಾಡುವವಳು ಜೊತೆಜೊತೆಗೇ ಆಟ ಮುಗಿಸುವ ದಾರಿಯನ್ನೂ ಇಟ್ಟುಕೊಳ್ಳಬೇಕು. 1994ರ ‘ದ ರ‍್ಯಾಕ್’ ಇರುವುದು ಅದಕ್ಕೇ. ಕೈಯಲ್ಲಿ ಮೂರಕ್ಕಿಂತ ಎಷ್ಟು ಎಲೆ ಕಡಿಮೆಯೋ ಸರದಿಗೆ ಅಷ್ಟು ಪೆಟ್ಟು. ತಂಗಿಯ ಕಟ್ಟಿನಲ್ಲಿ ಎಸೆಸುವ ಎಲೆಗಳು ಹೆಚ್ಚಾಗಿ, ಮುಗಿಸುವ ಎಲೆಗಳು ತೀರ ಕಡಿಮೆಯಾಗಿದ್ದವು. ಆಟ ಉದ್ದವಾಗಿ ಎಲ್ಲರಿಗೂ ಬೇಸರ ಬಂದದ್ದು ಅದರಿಂದ.

ಎದುರಿನವನಿಗೂ ದಾರಿಗಳಿವೆ. ಆಡಬಹುದಾದದ್ದನ್ನು ಕೈಯಲ್ಲಿಟ್ಟುಕೊಂಡು ಕೂರಬೇಡಿ. ಎದುರಾಳಿ ಎಸೆಸಿದರೆ ಪುಕ್ಕಟೆಯಾಗಿ ಅಂಗಳಕ್ಕೇ ಇಳಿಯುವ ‘ಆಬ್‌ಸ್ಟಿನೇಟ್ ಬಲೋತ್’ ಹಸಿರು ಕಟ್ಟಿಗೇ ಇರುವ ಎಲೆ. ಇನ್ನು ಕೆಲವರು ತಾವಾಗಿಯೇ ಎಸೆಯುತ್ತಾರೆ! ಎರಡನೆಯವನಾಗಿ ಆಡುವವನು ಮೊದಲ ಸರದಿಯಲ್ಲಿ ಒಂದು ಎಳೆದು ಏನೂ ಆಡದೆ ಕೂತರೆ ಕೈಯಲ್ಲಿ ಎಂಟು. ಸರದಿ ಮುಗಿಯುವಾಗ ಏಳಕ್ಕಿಂತ ಹೆಚ್ಚಿನದನ್ನು ಎಸೆಯಲೇಬೇಕು. ಅವನು ದೈತ್ಯನನ್ನೇ ಎಸೆದು, ಮುಂದಿನ ಸರದಿಯಲ್ಲಿ ಒಂದೇ ಮನಾದ ‘ರೀಆನಿಮೇಟ್’ ಆಡಿ ಎಬ್ಬಿಸಿ ತರುತ್ತಾನೆ. ಎಸೆದ ರಾಶಿಯೇ ಅವನ ಉಗ್ರಾಣ. ಈ ಆಟದಲ್ಲಿ ಇಷ್ಟು ಚಂದದ ನಡೆ ನಾನು ಹೆಚ್ಚು ಕಂಡಿಲ್ಲ. ನಿಮ್ಮ ಕಾನೂನಿನ ಅಕ್ಷರ ಇದನ್ನು ತಡೆಯುವುದಿಲ್ಲ, ಆದರೆ ಎಸೆಯುವುದೆಂದರೆ ಕಳೆದುಕೊಳ್ಳುವುದು ಎಂದು ಅಂದುಕೊಂಡವರು ಇದನ್ನು ಹುಡುಕುವುದೂ ಇಲ್ಲ.

ಹೊಸ ಹಾಳೆಯಲ್ಲಿ ಹೀಗೆ ಬರೆಯಿರಿ ಎಂಬುದು ನನ್ನ ಸೂಚನೆ. ಯಾರೂ ಆರಿಸದೆ ಎಲೆ ಕೀಳುವ ಹಿಮ್, ಮೈಂಡ್ ಟ್ವಿಸ್ಟ್‌ಗಳು ಹೊರಗೆ. ಕೈ ನೋಡಿ ಆರಿಸುವ ಥಾಟ್‌ಸೀಜ್, ಡ್ಯೂರೆಸ್‌ಗಳು ಒಳಗೆ. ಎದುರಾಳಿ ತಾನೇ ಆರಿಸಿ ಎಸೆಯುವಂಥವೂ ಒಳಗೆ. ಸ್ಪೆಕ್ಟರ್ ವಿಷಯದಲ್ಲಿ ನೀವೇ ಮತ ಹಾಕಿ. ಅದೂ ಕಣ್ಣುಮುಚ್ಚಿಯೇ ಕೀಳುತ್ತದೆ, ಆದರೆ ಪೆಟ್ಟು ಕೊಡುವ ಮೊದಲು ಅದನ್ನು ಕೊಲ್ಲಲು ನಿಮಗೊಂದು ಅವಕಾಶವಿರುತ್ತದೆ. ಒಪ್ಪಿಗೆಯಾಗದಿದ್ದರೆ ಕಾರಣ ಬರೆದು ಕಳಿಸಿ, ಉತ್ತರಿಸುತ್ತೇನೆ. ಅಣ್ಣನಾದ ಅಳಿಯನಿಗೆ ಬೇರೆಯಾಗಿ ಒಂದು ಮಾತು: ಒಂದು ಕಟ್ಟಿನಲ್ಲಿ ಬಲೋತ್ ನಾಲ್ಕರವರೆಗೆ ಇಡಬಹುದು. ಅರವತ್ತು ಎಲೆಯಲ್ಲಿ ಅವಕ್ಕೆ ಜಾಗ ಮಾಡಲು ಯಾವ ದೈತ್ಯರನ್ನು ತೆಗೆಯುತ್ತೀ ಎಂದು ಮುಂದಿನ ರಜೆಯೊಳಗೆ ಯೋಚಿಸಿಡು.

ಪ್ರೀತಿಯಿಂದ,
ನಿಮ್ಮ ಮಾವ
ಜಾಲ್ಸೂರು, ಸುಳ್ಯ ತಾಲ್ಲೂಕು