ಕಡಲ ಯಜಮಾನರು

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಚೆಗೆ ಹೊಸದೊಂದು ಬಗೆಯ ಗೃಹಸ್ಥರು ಕಾಣಿಸಿಕೊಂಡಿದ್ದಾರೆ. ಇವರ ಕಟ್ಟಡಕ್ಕೆ ನೀರು ಬರುವುದು ಟ್ಯಾಂಕರಿನಲ್ಲಿ, ಅದೂ ಅಸೋಸಿಯೇಷನ್ ಗ್ರೂಪಿನಲ್ಲಿ ಜಗಳವಾದ ಮೇಲೆ. ಆದರೆ ಹಾಲಿನಲ್ಲಿ, ಟಿವಿಯ ಪಕ್ಕ, 200 ಲೀಟರಿನ ಸ್ವಂತ ಸಮುದ್ರವಿದೆ. ಇವರನ್ನು ಕಡಲ ಯಜಮಾನರು ಎನ್ನೋಣ. ಆರ್‌ಒ ನೀರನ್ನು ಹನಿಹನಿಯಾಗಿ ಕೂಡಿಟ್ಟು, ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ 7 ಕಿಲೋ ವಿದೇಶಿ ಉಪ್ಪು ಕರಗಿಸುತ್ತಾರೆ. ಗೋಕರ್ಣದ ಪಕ್ಕದ ಸಾಣಿಕಟ್ಟಾದಲ್ಲಿ ಉಪ್ಪಿಗೇನು ಬರವೇ ಎಂದು ಮನೆಯ ಹಿರಿಯರು ಬಾಯಿ ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಮೇಲೆ ಅರ್ಧ ಗಂಟೆ ಉಪನ್ಯಾಸ. ಇಷ್ಟೆಲ್ಲ ಆಗಿ, ಎರಡನೆಯ ವಾರಕ್ಕೆ ಮೀನು ಮಗುಚಿ ತೇಲುತ್ತದೆ. ಕಾರಣ ಅಮೋನಿಯಾ ಎಂಬುದರಲ್ಲಿ ತಕರಾರಿಲ್ಲ. ತಕರಾರಿರುವುದು, ಯಜಮಾನರಿಗೆ ವಿಷಯ ಗೊತ್ತಿರಲಿಲ್ಲ ಎಂದು ಎಲ್ಲರೂ ಕೊಡುವ ತೀರ್ಪಿನ ಬಗ್ಗೆ.

ಗೊತ್ತಿಲ್ಲದೆ ಏನು! ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಹಾಕುತ್ತದೆ, ಮಿಕ್ಕ ಆಹಾರ ಕೊಳೆತರೂ ಅದೇ ಹುಟ್ಟುತ್ತದೆ, ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ ಎಂಬುದು ಅವರಿಗೆ ಬಾಯಿಪಾಠ. ಮಾಮೂಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲದು, ಈ ಜೀವಿಗಳಿಗೆ ಎಷ್ಟೋ ಗಂಟೆಗಳು, ಕೆಲವೊಮ್ಮೆ ಇಡೀ ದಿನವೇ ಬೇಕು, ಹಾಗಾಗಿ ಹೊಸ ಟ್ಯಾಂಕು ಪಳಗಲು, ಅವರ ಭಾಷೆಯಲ್ಲಿ ‘ಸೈಕಲ್’ ಆಗಲು, ನಾಲ್ಕರಿಂದ ಆರು ವಾರ ಹಿಡಿಯುತ್ತದೆ ಎಂಬುದನ್ನೂ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿರುತ್ತಾರೆ. ಕಡಲಿನಲ್ಲಿ ಅಮೋನಿಯಾ ತಿಂದು ಬದುಕುವ ಆರ್ಕಿಯಾ ಜಾತಿಯ ಜೀವಿಯೊಂದನ್ನು ವಿಜ್ಞಾನಿಗಳು ಮೊದಲು ಬೇರ್ಪಡಿಸಿ ಬೆಳೆಸಿದ್ದು ಸಿಯಾಟಲ್‌ನ ಸಾರ್ವಜನಿಕ ಅಕ್ವೇರಿಯಂ ಟ್ಯಾಂಕಿನಿಂದ, ಆ ವರದಿ ಬಂದದ್ದು 2005ರಲ್ಲಿ ಎಂಬುದೂ ಗೊತ್ತು. ಅದನ್ನು ಹೇಳುವಾಗ ಅವರ ಮುಖದಲ್ಲಿ ದಾಯಾದಿಗೆ ಪ್ರಶಸ್ತಿ ಬಂದಂಥ ಹೆಮ್ಮೆ. ಇಂಥವರನ್ನು ಅಜ್ಞಾನಿ ಎನ್ನುವುದು ಅನ್ಯಾಯ.

ಹಾಗಾದರೆ ತಾಳ್ಮೆ ಇಲ್ಲ ಎನ್ನುತ್ತೀರಿ. ಅದೂ ನಿಲ್ಲುವ ಮಾತಲ್ಲ. ಬಿಲ್ಡರ್ ಹೇಳಿದ ದಿನ ಕಳೆದು ವರ್ಷಗಳಾದ ಮೇಲೆ ಫ್ಲ್ಯಾಟಿನ ಬೀಗದ ಕೈ ಪಡೆದವರು ಇವರು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ದಿನಾ ತಪಸ್ಸು ಮಾಡುವವರು. ಅಲ್ಲೆಲ್ಲ ಕಾದವರಿಗೆ ಆರು ವಾರ ಯಾವ ಲೆಕ್ಕ? ವ್ಯತ್ಯಾಸ ಇರುವುದು ಇಷ್ಟೇ: ಸಿಲ್ಕ್ ಬೋರ್ಡಿನಲ್ಲಿ ಕಾಯುವವರನ್ನು ನೋಡಲು ನೆಂಟರು ಬರುವುದಿಲ್ಲ. ಟ್ಯಾಂಕು ತಂದ ಸುದ್ದಿ ಮಾತ್ರ ಆ ಭಾನುವಾರಕ್ಕೇ ಬಂಧುಬಳಗಕ್ಕೆ ಮುಟ್ಟಿರುತ್ತದೆ. ಬಂದವರು ಕಾಫಿ ಲೋಟ ಹಿಡಿದು ನೀಲಿ ಬೆಳಕಿನ ಗಾಜಿನ ಡಬ್ಬದ ಮುಂದೆ ನಿಲ್ಲುತ್ತಾರೆ. ಒಳಗೆ ನಾಲ್ಕು ಕಲ್ಲು, ಒಂದು ಪಂಪು. “ಎಲ್ಲಾ ಸರಿ, ಮೀನೆಲ್ಲಿ?” ಎನ್ನುತ್ತಾರೆ ಭಾವ. “ನೆಮೋ ಎಲ್ಲಿ ಅಂಕಲ್?” ಎನ್ನುತ್ತದೆ ಮಗು, 2003ರ ಆ ಸಿನಿಮಾ ಮಾಡಿದ ಉಪದ್ರವ ಒಂದೆರಡಲ್ಲ. “ಬ್ಯಾಕ್ಟೀರಿಯಾ ಬೆಳೀತಾ ಇದೆ” ಎಂದು ಯಜಮಾನರು ಅಂದರೆ, ಅತ್ತೆ ಕಾಫಿ ಲೋಟವನ್ನು ಒಂದು ಮಾರು ದೂರ ಇಡುತ್ತಾರೆ. ಹೊಸ ಟ್ಯಾಂಕಿನ ಅಮೋನಿಯಾ ಏರುವುದು ಆ ಕ್ಷಣದಲ್ಲಿ ಎಂಬುದು ನನ್ನ ವಾದ. ಮರುದಿನ ಸಂಜೆ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕ್ಲೌನ್‌ಫಿಶ್ ಮನೆಗೆ ಬರುವುದು ರಸಾಯನಶಾಸ್ತ್ರದ ಒತ್ತಡದಿಂದಲ್ಲ, ಭಾವನ ಒತ್ತಡದಿಂದ.

ಮೀನಿಲ್ಲದೆಯೇ ಟ್ಯಾಂಕು ಪಳಗಿಸುವ ದಾರಿಗಳನ್ನು ನೋಡಿದರೂ ಇದು ರುಜುವಾಗುತ್ತದೆ. ಒಂದು ಸಿಗಡಿ ತುಂಡನ್ನು ನೀರಿಗೆ ಹಾಕಿ ಕೊಳೆಯಲು ಬಿಡುವುದು ಹಳೆಯ ಉಪಾಯ. ಈರುಳ್ಳಿಯೂ ನಿಷಿದ್ಧವಾದ ಮನೆಯ ಹಾಲಿನಲ್ಲಿ, ದೇವರ ಕೋಣೆಗೆ ಎದುರಾಗಿ, ಸಿಗಡಿ ಕೊಳೆಸಲು ಅನುಮತಿ ಕೇಳುವ ಧೈರ್ಯ ಯಾವ ಯಜಮಾನರಿಗಿದೆ? ಇನ್ನೊಂದು ದಾರಿ ಅಮೋನಿಯಂ ಕ್ಲೋರೈಡ್, ಅಂದರೆ ಪಾತ್ರೆಗೆ ಕಲಾಯಿ ಹಾಕುವವರ ನವಸಾಗರ. ಅದರ ಶುದ್ಧ ರೂಪವನ್ನು ಅಳೆದು ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ ಏರಿಸಿ, ಅಷ್ಟೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವ ತನಕ, ನೈಟ್ರೈಟೂ ಮಾಯವಾಗುವ ತನಕ ಕಾಯಬೇಕು. ವಾಸನೆಯಿಲ್ಲ, ಪಾಪವಿಲ್ಲ, ಖರ್ಚೂ ಕಡಿಮೆ. ಇದಕ್ಕಿಂತ ಒಳ್ಳೆಯ ಉಪಾಯ ನನಗಂತೂ ಕಾಣದು. ಆದರೂ ಯಜಮಾನರು ಅದನ್ನು ಕೈಬಿಡುವುದು ಏಕೆಂದರೆ, ಮೀನನ್ನು ತೋರಿಸುವಂತೆ ನವಸಾಗರವನ್ನು ಭಾವನಿಗೆ ತೋರಿಸಲಾಗುವುದಿಲ್ಲ. ಅಂಗಡಿಯವರೂ ಇದನ್ನು ಬಲ್ಲರು. “ಸದ್ಯಕ್ಕೆ ಎರಡು ಡ್ಯಾಮ್ಸೆಲ್ ಬಿಡಿ ಸರ್, ಗಟ್ಟಿ ಮೀನು, ಸೈಕಲ್ ಆಗೋಗತ್ತೆ” ಎನ್ನುತ್ತಾರೆ. ಡ್ಯಾಮ್ಸೆಲ್ ಗಟ್ಟಿಯೇನೋ ಹೌದು, ಆದರೆ ಅದರ ಕಿವಿರೂ ಸುಡುತ್ತದೆ. ಬದುಕಿ ಉಳಿದರೆ, ಹಳೇ ಬಾಡಿಗೆದಾರನ ಹಾಗೆ ಜಾಗ ಬಿಡದೆ, ಆಮೇಲೆ ಬಂದ ಮೀನುಗಳನ್ನೆಲ್ಲ ಮೂಲೆಗೆ ಅಟ್ಟುತ್ತದೆ. ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಸುರಿದರಾಯಿತಲ್ಲ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಜೀವಂತವಾಗಿರುವ ಒಳ್ಳೆಯ ಬಾಟಲಿ ಕೆಲವು ವಾರಗಳನ್ನು ಉಳಿಸಬಲ್ಲದು. ಆದರೆ ಬಿಸಿಲಿನ ಗೋದಾಮುಗಳಲ್ಲಿ ಬೆಂದು ಬಂದದ್ದರಲ್ಲಿ ಜೀವವಿದೆಯೋ ಇಲ್ಲವೋ ತಿಳಿಯಲು ಮತ್ತೆ ಅಮೋನಿಯಾ ಅಳೆದು ಕಾಯುವುದೇ ದಾರಿ. ಭಾವ ಅಷ್ಟರಲ್ಲಿ ಬಂದಿರುತ್ತಾರೆ.

ಪಕ್ಕದ ಫ್ಲ್ಯಾಟಿನವರ ಗೋಲ್ಡ್‌ಫಿಶ್ ಇಷ್ಟೆಲ್ಲ ಶಾಸ್ತ್ರವಿಲ್ಲದೆ ಬದುಕಿದೆಯಲ್ಲ ಎಂದೂ ಕೇಳುವವರಿದ್ದಾರೆ. ಇದಕ್ಕೆ ಉತ್ತರ ನೀರಿನಲ್ಲಿದೆ. ಪಿಎಚ್ 7ರ ಸಿಹಿನೀರಿನಲ್ಲಿ ಅಮೋನಿಯಾದ ನೂರರಲ್ಲಿ ಒಂದು ಪಾಲೂ ಕಡು ವಿಷದ ರೂಪದಲ್ಲಿರುವುದಿಲ್ಲ. ಕಡಲ ನೀರಿನ ಪಿಎಚ್ 8.2ರ ಸುಮಾರಿಗಿರುವುದರಿಂದ ಆ ಪಾಲು ಹತ್ತು ಪಟ್ಟು ಮೀರುತ್ತದೆ. ಸಿಹಿನೀರಿನಲ್ಲಿ ಕ್ಷಮೆ ಸಿಗುವ ತಪ್ಪು ಇಲ್ಲಿ ಮರಣದಂಡನೆ. ಮೀನು ಏದುಸಿರು ಬಿಡತೊಡಗಿದಾಗ ಯಜಮಾನರು ಪರೀಕ್ಷಾ ನಳಿಕೆಯನ್ನು ಕಿಟಕಿಗೆ ಹಿಡಿದು, ಟ್ಯೂಬ್‌ಲೈಟಿಗೆ ಹಿಡಿದು, “ಇದು ಹಳದಿಯೋ ಹಸಿರೋ ನೋಡೇ” ಎಂದು ಹೆಂಡತಿಯನ್ನು ಕೂಗುತ್ತಾರೆ. ಹಸಿರಾದರೆ ಮಾಡಬೇಕಾದದ್ದು ಸರಳ: ಊಟ ಹಾಕುವುದನ್ನು ನಿಲ್ಲಿಸಿ, ಅದೇ ಉಪ್ಪು, ಅದೇ ಶಾಖದ ಹೊಸ ನೀರಿನಿಂದ ಅರ್ಧದಷ್ಟನ್ನಾದರೂ ಬದಲಿಸುವುದು, ಗಾಳಿಯಾಡಿಸುವುದು. ಅವರು ಇದನ್ನೂ ಮಾಡುತ್ತಾರೆ, ಮಾಡಿ ಸುಮ್ಮನಿರುವುದಿಲ್ಲ. ಫಿಲ್ಟರನ್ನು ಬಿಚ್ಚಿ ಕ್ಲೋರಿನ್ ತುಂಬಿದ ನಲ್ಲಿ ನೀರಿನಲ್ಲಿ ಪಳಪಳ ತೊಳೆದು, ಅಷ್ಟು ದಿನ ಬೆಳೆದಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವನ್ನೂ ಮೋರಿಗೆ ಕಳಿಸುತ್ತಾರೆ. ಮುಂದಿನ ಭಾನುವಾರಕ್ಕೆ ಬೇರೆ ನೆಂಟರು ಬರುವವರಿರುತ್ತಾರೆ, ಗಾಜು ಹೊಳೆಯಬೇಕಲ್ಲ.

ಆದ್ದರಿಂದ ಉಪದೇಶ ಬೇಕಾಗಿರುವುದು ಯಜಮಾನರಿಗಲ್ಲ, ನೋಡಲು ಹೋಗುವ ನಮಗೆ. ಟ್ಯಾಂಕು ತಂದ ಮೊದಲ ಆರು ವಾರ ಅಂಥವರ ಮನೆಗೆ ಹೋಗಬೇಡಿ. ಹೋಗಲೇಬೇಕಾಗಿ ಬಂದರೆ, ಕಲ್ಲುಗಳನ್ನು ಜೋಡಿಸಿದ ಚಂದವನ್ನು ಬಾಯ್ತುಂಬ ಹೊಗಳಿ, ಕಾಫಿ ಕುಡಿದು, ಮೀನಿನ ಸುದ್ದಿ ಎತ್ತದೆ ಎದ್ದು ಬನ್ನಿ.