ಜಾತ್ರೆ, ನಾಟಕ, ಥರ್ಮಲ್ಲು

ಬನದ ಹುಣ್ಣಿಮೆ ಬಂತೆಂದರೆ ಚೊಳಚಗುಡ್ಡದ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಟೆಂಟುಗಳು ಎದ್ದವೆಂದೇ ಲೆಕ್ಕ. ಪುಷ್ಯದ ಚಳಿ, ಕೂರಲು ಕಬ್ಬಿಣದ ಕುರ್ಚಿ. ಶೀತ ಏರುವುದು ಕೆಳಗಿನಿಂದ! ಬೆಂಗಳೂರಿನ ಅಳಿಯ ಥರ್ಮಲ್ ಹಾಕಿಕೊಂಡೇ ಬಂದಿದ್ದ. ಮಣಿಕಟ್ಟು, ಸೊಂಟದಲ್ಲಿ ಮೈಗಂಟಿ ಕೂತಿತ್ತು, ಆಯ್ಕೆ ಸರಿಯೇ. ಆದರೆ ಅದರೊಳಗೆ ಹತ್ತಿಯ ಬನಿಯನ್! ಸಂಜೆ ತೇರಿನ ಹಗ್ಗ ಜಗ್ಗಿದ ಬೆವರನ್ನೆಲ್ಲ ಕುಡಿದು, ನಡುರಾತ್ರಿ ಅದು ತಣ್ಣೀರು ಪಟ್ಟಿಯಾಯಿತು.

ಕಂಬಳಿ ಹೊದ್ದಿದ್ದ ಮಾವ ಮೆಲ್ಲಗೆ ಅಂದರು: “ಅಳಿಯಾರ, ಹತ್ತಿ ತೊಯ್ದ್ರ ಥಂಡಿ ಹಿಡೀತೈತ್ರಿ. ಉಣ್ಣಿ ತೊಯ್ದ್ರೂ ಒಂಚೂರು ಬೆಚ್ಚಗ ಇರತೈತಿ. ಕುರಿ ಮಳ್ಯಾಗ ನಿಂತಿದ್ದು ನೋಡಿಲ್ಲೇನ್ರಿ?”

ಅಷ್ಟರಲ್ಲಿ ರಂಗದ ಮೇಲೆ ನಾಯಕ ಪ್ರಾಣ ಬಿಡತೊಡಗಿದ. ಗಡಗಡ ನಡುಗುತ್ತಿದ್ದ ಅಳಿಯನ ಬೆನ್ನು ನೋಡಿ ಹಿಂದಿನ ಸಾಲಿನ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಂಡರು.