ನಿಮ್ಮದೆಷ್ಟು ಪರ್ಸೆಂಟು?

ಎಲೆಕ್ಟ್ರಿಕ್ ಕಾರು ಕೊಂಡವನಿಗೆ ಆಗುವ ಲಾಭವೆಲ್ಲ ರಾತ್ರಿ ಹೊತ್ತು, ಮನೆಯವರೆಲ್ಲ ಮಲಗಿದ ಮೇಲೆ, ಯಾರ ಕಣ್ಣಿಗೂ ಬೀಳದ ಹಾಗೆ ಆಗುತ್ತದೆ. ನಷ್ಟ ಮಾತ್ರ ಹಾಡಹಗಲೇ, ನಾಲ್ಕು ಜನರ ಎದುರಿಗೆ. ಪೆಟ್ರೋಲ್ ಬಂಕಿನ ಕಡೆ ತಲೆಯೂ ಹಾಕದೆ ತಿಂಗಳುಗಟ್ಟಲೆ ಓಡಾಡಿದ್ದನ್ನು ಯಾರೂ ನೋಡಿರುವುದಿಲ್ಲ. ಬೇಸಗೆಯ ಮಟಮಟ ಮಧ್ಯಾಹ್ನ ಅರಸೀಕೆರೆ ದಾಟಿದ ಮೇಲೆ ಎ.ಸಿ. ಆರಿಸಿ, ಕಿಟಕಿ ಇಳಿಸಿ, ಕರ್ಚೀಫಿನಲ್ಲಿ ಕತ್ತು ಒರೆಸಿಕೊಳ್ಳುತ್ತ ಹೋಗುತ್ತಿದ್ದೇವೆ ಅನ್ನಿ. ಹೆಂಡತಿಯ ಚಿಕ್ಕಪ್ಪನ ಡೀಸೆಲ್ ಗಾಡಿ ಸರಿಯಾಗಿ ಆಗಲೇ ಪಕ್ಕಕ್ಕೆ ಬಂದು ಹಾರನ್ ಹೊಡೆಯುತ್ತದೆ.

ಲೆಕ್ಕ ಹೇಳುವುದಾದರೆ ನಾನು ಸೋಲುವುದಿಲ್ಲ. ಬೆಂಗಳೂರಿನಲ್ಲಿ ಪೆಟ್ರೋಲು ಲೀಟರಿಗೆ ನೂರರ ಗಡಿ ದಾಟಿ ಕಾಲವಾಯಿತು. ಸಿಗ್ನಲ್ಲಿಗೊಮ್ಮೆ ನಿಲ್ಲುವ ನಮ್ಮ ಊರಿನಲ್ಲಿ ಹಳೇ ಕಾರು ಕಿಲೋಮೀಟರಿಗೆ ಏಳೆಂಟು ರೂಪಾಯಿ ಕುಡಿಯುತ್ತಿತ್ತು. ಇದು ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಮ್ಮಿ 7 ಕಿಲೋಮೀಟರ್ ಓಡುತ್ತದೆ; ಮನೆಯ ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಿಲೋಮೀಟರಿಗೆ ರೂಪಾಯಿಯೊಳಗೇ ಬಿತ್ತು. ಆಯಿಲ್ ಬದಲಾಯಿಸುವುದಿಲ್ಲ, ಕ್ಲಚ್ ಸವೆಯುವುದಿಲ್ಲ, ಹೊಗೆ ತಪಾಸಣೆಯ ಚೀಟಿ ಬೇಡ. ನಮ್ಮ ರಸ್ತೆ ಮೂಲೆಯ ಮೆಕ್ಯಾನಿಕ್ ಒಂದು ದಿನ ಬಾನೆಟ್ ತೆಗೆಸಿ, ಒಳಗೆ ಇಣುಕಿ, ಬಹಳ ಹೊತ್ತು ಸುಮ್ಮನಿದ್ದು, "ಪ್ಲಗ್ಗಿಲ್ಲ, ಬೆಲ್ಟಿಲ್ಲ, ಫಿಲ್ಟರಿಲ್ಲ. ನಮ್ಮ ಹೊಟ್ಟೆಗೇನು ಸಾರ್ ಇದ್ರಲ್ಲಿ?" ಅಂದ. ಬ್ಯಾಟರಿಯ ಭಾರಕ್ಕೆ ಟಯರು ಬೇಗ ಸವೆಯುತ್ತದಂತೆ ಎಂದು ಸಮಾಧಾನ ಹೇಳಿದೆ. ಅವನ ಮುಖ ಸ್ವಲ್ಪ ಅರಳಿತು. ಹಳೇ ಕಾಲದ 12 ವೋಲ್ಟಿನ ಸಣ್ಣ ಬ್ಯಾಟರಿಯೂ ಒಂದು ಮೂಲೆಯಲ್ಲಿ ಕೂತಿದೆ, ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ಏಳುವುದಿಲ್ಲ ಅಂದಾಗ ಅವನಿಗೆ ಬದುಕಿನಲ್ಲಿ ನಂಬಿಕೆಯೇ ಮರಳಿತು.

ಆದರೆ ಈ ಲೆಕ್ಕ ನಮ್ಮ ಮನೆಯಲ್ಲಿ ನಡೆಯಲಿಲ್ಲ. ಕಾರಣ ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯ ಒಳಸುಳಿ ನಮ್ಮ ಅಮ್ಮನಿಗೆ ಗೊತ್ತಿರುವಷ್ಟು ಇಲಾಖೆಯವರಿಗೂ ಗೊತ್ತಿರಲಾರದು. ಹಿಂದಿನ ಸರಾಸರಿಯ ಮೇಲೆ ಶೇಕಡಾ ಹತ್ತು ಸೇರಿಸಿ ನಿಮ್ಮ ಪಾಲು. ಅದರೊಳಗಿದ್ದರೆ ಬಿಲ್ಲು ಸೊನ್ನೆ. ಪಾಲು ಮೀರಿ 200ರೊಳಗಿದ್ದರೆ ಮೀರಿದ್ದಕ್ಕಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು ತಲೆಯ ಮೇಲೆ. ಸೊನ್ನೆ ಬಿಲ್ಲು ಬಂದ ತಿಂಗಳು ಅಮ್ಮ ಅದನ್ನು ದೇವರ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಿದ್ದಳು. ಅಂಥ ಮನೆಗೆ ತಿಂಗಳಿಗೆ ನೂರೈವತ್ತು ಯೂನಿಟ್ ತಿನ್ನುವ ಕಾರು ಬಂತು. ಮೊದಲ ಬಿಲ್ಲಿನ ದಿನ ಮನೆಯಲ್ಲಿ ಸೂತಕದ ವಾತಾವರಣ. ಗೀಸರಿನದು, ಮಿಕ್ಸಿಯದು, ಅಮ್ಮನೇ ರಾತ್ರಿಯಿಡೀ ಹಾಕಿಕೊಳ್ಳುವ ಫ್ಯಾನಿನದು, ಎಲ್ಲದರ ಬಾಬ್ತೂ ಕಾರಿನ ಖಾತೆಗೇ ಬಿತ್ತು. "ಪೆಟ್ರೋಲಿನಲ್ಲಿ ಉಳಿದದ್ದು ನೋಡಮ್ಮ" ಅಂದರೆ, "ಅದು ನಿನ್ನ ಜೇಬಿಂದು. ಇದು ನನ್ನ ಸೊನ್ನೆ" ಅಂದಳು. ಕೊನೆಗೆ, ಮದುವೆಯಾದ ಮಗ ಬೇರೆ ಒಲೆ ಹೂಡಿದ ಹಾಗೆ, ಕಾರಿಗೆ ಬೇರೆಯದೇ ಮೀಟರು ಹಾಕಿಸಿದ ಮೇಲೆ ಮನೆ ತಣ್ಣಗಾಯಿತು. ಈಗಲೂ ರಾತ್ರಿ ಕೇಬಲ್ ಚುಚ್ಚಲು ಹೋದಾಗ ಯಾವ ಮೀಟರಿನ ಕೆಂಪು ದೀಪ ಜೋರಾಗಿ ಮಿಣುಕುತ್ತಿದೆ ಎಂದು ಅಮ್ಮ ಕಿಟಕಿಯಿಂದ ನೋಡುತ್ತಾಳೆ.

ಬೀದಿಯವರ ಪ್ರಶ್ನೆ ಬೇರೆ ಥರದ್ದು. "ಎಷ್ಟು ಕೊಡುತ್ತೆ?" ಪೆಟ್ರೋಲ್ ಕಾರಿನವರಿಗೆ ಇದು ಕಷ್ಟದ ಪ್ರಶ್ನೆಯಲ್ಲ. ಒಂದು ಸಂಖ್ಯೆ ಇರುತ್ತದೆ, ಅದಕ್ಕೆ ಮೂರೋ ನಾಲ್ಕೋ ಸೇರಿಸಿ ಹೇಳುತ್ತಾರೆ, ಕೇಳಿದವರು ಅಷ್ಟನ್ನೇ ಮನಸ್ಸಿನಲ್ಲಿ ಕಳೆದುಕೊಳ್ಳುತ್ತಾರೆ. ನಾನು ಹಾಗೆ ಮಾಡಲಾರೆ. ಕಂಪನಿಯವರು ಪರೀಕ್ಷೆಯಲ್ಲಿ ಬಂತೆಂದು ಹೇಳುವ ಸಂಖ್ಯೆ ಒಂದು, ತುಮಕೂರು ರಸ್ತೆಯಲ್ಲಿ ಬರುವುದು ಇನ್ನೊಂದು. ಎರಡರ ನಡುವೆ ಮೂರನೇ ಒಂದು ಪಾಲು ಗಾಳಿಗೆ ಹೋಗಿರುತ್ತದೆ. ನಿಜಕ್ಕೂ ಗಾಳಿಗೇ. ವೇಗ ಹೆಚ್ಚಿದಂತೆ ಎದುರುಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ಎ.ಸಿ. ಎಳೆಯುವುದು ಅದರ ಮುಂದೆ ಚಿಲ್ಲರೆ. ನೂರರಲ್ಲಿ ಹೋಗುವವನು ಎಪ್ಪತ್ತಕ್ಕೆ ಇಳಿದರೆ ಸಾಕು, ಎ.ಸಿ. ಹಾಕಿಕೊಂಡೇ ಊರು ಮುಟ್ಟಬಹುದು. ಇದು ನನಗೂ ಗೊತ್ತು, ನನ್ನವಳಿಗೂ ಗೊತ್ತು. ಆದರೆ ಎಪ್ಪತ್ತರಲ್ಲಿ ಹೋದರೆ ಕೆಂಪು ಬಸ್ಸು ಹಿಂದೆ ಹಾಕುತ್ತದೆ, ಟೊಮೆಟೊ ತುಂಬಿದ ಗೂಡ್ಸ್ ಗಾಡಿ ಹಿಂದೆ ಹಾಕುತ್ತದೆ. ಬೆವರಾದರೂ ಕಾರಿನೊಳಗೇ ಇರುತ್ತದೆ. ಹಾಗಾಗಿ ಗಂಡಸರು ಎ.ಸಿ. ಆರಿಸುತ್ತಾರೆ.

ಈ ಹೊಸತಿಗೆಲ್ಲ ನಾವೇ ಮೊದಲಿಗರೆಂಬ ಹೆಮ್ಮೆಗೂ ಆಸ್ಪದವಿಲ್ಲ. 1899ರಲ್ಲೇ ಬೆಲ್ಜಿಯಂನವನೊಬ್ಬ, ಜೆನಾಟ್ಜಿ ಎಂದು ಹೆಸರು, ಸಿಡಿಗುಂಡಿನ ಆಕಾರದ ಎಲೆಕ್ಟ್ರಿಕ್ ಗಾಡಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗ ದಾಟಿದ್ದ. ಪೆಟ್ರೋಲ್ ಕಾರನ್ನು ಊರಿಗೆಲ್ಲ ಹಂಚಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ತಾನು ಓಡಾಡುತ್ತಿದ್ದದ್ದು ಡೆಟ್ರಾಯಿಟ್ ಎಲೆಕ್ಟ್ರಿಕ್ ಎಂಬ ಬ್ಯಾಟರಿ ಕಾರಿನಲ್ಲಿ. ಗಂಡನ ಕಾರಿಗೆ ಮುಂದೆ ನಿಂತು ಹ್ಯಾಂಡಲ್ ತಿರುವಬೇಕಿತ್ತಲ್ಲ! ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿರಲಿಲ್ಲ. ಚೇತನ್ ಮೈನಿಯವರ ರೇವಾ 2001ರಲ್ಲೇ ಇಲ್ಲಿ ರಸ್ತೆಗಿಳಿಯಿತು. ಎರಡು ಬಾಗಿಲು; ಹಿಂದಿನ ಸೀಟು ಮಕ್ಕಳಿಗೂ ತರಕಾರಿ ಚೀಲಕ್ಕೂ. ನಾವು ಅದನ್ನು ನೋಡಿ ನಗುತ್ತಿದ್ದಾಗ ಲಂಡನ್ನಿನವರು ಜೀ-ವಿಜ್ ಎಂಬ ಹೆಸರಿನಲ್ಲಿ ಅದನ್ನೇ ಕೊಂಡು ಊರೊಳಗಿನ ದಟ್ಟಣೆ ಶುಲ್ಕ ಕೊಡದೆ ಓಡಾಡುತ್ತಿದ್ದರು. ಜಯನಗರದಲ್ಲಿ ಅಂದು ರೇವಾ ಕಂಡರೆ ಕೈ ತೋರಿಸಿ ನಕ್ಕವರ ಮನೆಗಳ ಮುಂದೆಯೇ ಈಗ ಹಸಿರು ನಂಬರ್ ಪ್ಲೇಟುಗಳು ಸಾಲಾಗಿ ನಿಂತಿವೆ.

ಸದ್ದಿಲ್ಲದಿರುವುದು ಗುಣವೆಂದು ಜಾಹೀರಾತುಗಳು ಹೇಳುತ್ತವೆ. ಇರಬಹುದು. ಗಾಂಧಿಬಜಾರಿನ ಅಡ್ಡರಸ್ತೆಯಲ್ಲಿ ಅವರೆಕಾಯಿ ಆರಿಸುತ್ತ ನಿಂತವರ ಬೆನ್ನ ಹಿಂದೆ ಕಾರು ಬಂದು ನಿಂತರೂ ಗೊತ್ತಾಗುವುದಿಲ್ಲ. ಹಾರನ್ ಮಾಡಿದರೆ ಕಳ್ಳನಂತೆ ಬಂದು ಕಿವಿಗೆ ಕಿರುಚಿದ ಅಂತ ಬೈಗುಳ. ಮಾಡದಿದ್ದರೆ ಕಾಯಿ ಆರಿಸಿ ಮುಗಿಯುವತನಕ ಧ್ಯಾನ. ಆಯುಧಪೂಜೆಯ ದಿನ ಭಟ್ಟರು ಕುಂಬಳಕಾಯಿ ಒಡೆಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, "ಹೂಂ, ಸ್ಟಾರ್ಟ್ ಮಾಡಿ" ಅಂದರು. ಮಾಡಿದೆ. "ಮಾಡಿ ಸ್ವಾಮಿ" ಅಂದರು ಮತ್ತೆ. "ಆಗಿದೆ ಭಟ್ರೇ." ಅವರು ಅನುಮಾನದಿಂದ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು, ಜ್ವರ ನೋಡುವವರ ಹಾಗೆ. ನಿಂಬೆಹಣ್ಣು ಪಚಕ್ಕೆಂದ ಮೇಲೇ ಅವರು ಮಂಗಳಾರತಿ ಎತ್ತಿದ್ದು. ಮನೆಯೊಳಗಿನ ನಷ್ಟವೂ ಒಂದಿದೆ. ಎಂಜಿನ್ನಿನ ಸದ್ದಿನ ಮರೆಯಲ್ಲಿ ಗೊಣಗಿಕೊಳ್ಳುವ ಸೌಲಭ್ಯ ಹಳೇ ಕಾರಿನಲ್ಲಿತ್ತು. ಈಗ ನಾನು ಗೊಣಗಿದ್ದು ಹಿಂದಿನ ಸೀಟಿನವರೆಗೂ ಸ್ಪಷ್ಟ.

ದೂರದ ಊರಿಗೆ ಹೊರಟಾಗ ಈ ಕಾರು ಮನುಷ್ಯನನ್ನು ಪೂರ್ತಿ ಬದಲಾಯಿಸುತ್ತದೆ. ನನ್ನ ಹೆಂಡತಿಯ ತವರು ತೀರ್ಥಹಳ್ಳಿ ಕಡೆ. ಮೊದಲೆಲ್ಲ ತಿಪಟೂರಿನಲ್ಲಿ ಕಾಫಿ, ಕಡೂರಿನಲ್ಲಿ ಊಟ ಎಂದು ಹೊಟ್ಟೆಯ ಲೆಕ್ಕದಲ್ಲಿ ಹೋಗುತ್ತಿದ್ದೆವು. ಈಗ ಚಾರ್ಜರ್ ಇರುವ ಹೋಟೆಲಿನಲ್ಲಿ ಹಸಿವಾಗಬೇಕು. ಒಂದೊಂದು ಕಂಪನಿಯ ಚಾರ್ಜರಿಗೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್, ಮೊದಲೇ ದುಡ್ಡು ತುಂಬಿರಬೇಕು. ಹೀಗೆ ನನ್ನ ನೂರಿನ್ನೂರು ರೂಪಾಯಿಗಳು ಅಲ್ಲಲ್ಲಿ ಸಿಕ್ಕಿಕೊಂಡು, ನಾನು ಮತ್ತೆ ಆ ದಾರಿಗೆ ಬರಲಿ ಎಂದು ಕಾಯುತ್ತಿವೆ. ಓಟಿಪಿ ಬರಬೇಕಾದ ಜಾಗದಲ್ಲಿ ಸಿಗ್ನಲ್ ಇರುವುದಿಲ್ಲ. ಸಿಗ್ನಲ್ ಇದ್ದಲ್ಲಿ ಚಾರ್ಜರ್ ಜಾಗದಲ್ಲಿ ಪೆಟ್ರೋಲ್ ಕಾರು ನಿಲ್ಲಿಸಿ, ನೆರಳು ಚೆನ್ನಾಗಿದೆಯೆಂದು ಒಬ್ಬರು ಮಲಗಿರುತ್ತಾರೆ.

ಚಾರ್ಜರಿನ ಗನ್ನು ಖಾಲಿಯಿಲ್ಲದಿದ್ದರೆ ಸರದಿ. ಇಲ್ಲಿ ನಮಸ್ಕಾರ, ಯಾವೂರು, ಯಾವ ಪೈಕಿ ಎಂಬ ಉಪಚಾರವಿಲ್ಲ. ಕಾರಿನಿಂದ ಇಳಿದವನೇ ಕೇಳುವುದು "ನಿಮ್ಮದೆಷ್ಟು ಪರ್ಸೆಂಟು?" ಎಂದು. ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬೇರೆ ಅರ್ಥವಿದ್ದ ಕಾಲವೂ ಇತ್ತು, ಇರಲಿ. ಎಂಬತ್ತರವರೆಗೆ ಸರಸರ ಏರುವ ಚಾರ್ಜು ಆಮೇಲೆ ಆಮೆಯಾಗುತ್ತದೆ, ಬ್ಯಾಟರಿಯ ಆರೋಗ್ಯಕ್ಕೆಂದು ಕಾರೇ ಕೈ ಬಿಗಿ ಹಿಡಿಯುತ್ತದೆ. ಬಲ್ಲವರು ಎಂಬತ್ತಕ್ಕೆ ಎದ್ದು ಜಾಗ ಬಿಡುತ್ತಾರೆ. ಆದರೆ ಎಲ್ಲ ಸರದಿಯಲ್ಲೂ ಎಂಬತ್ತೆರಡಕ್ಕೆ ಬಂದ ಮೇಲೆ ಎರಡನೇ ದೋಸೆ ಹೇಳಿದ ಮಹಾನುಭಾವರೊಬ್ಬರು ಇದ್ದೇ ಇರುತ್ತಾರೆ. ಹೊರಗೆ ನಾವು ನಾಲ್ಕು ಮಂದಿ ಗಾಜಿನೊಳಗಿಂದ ಅವರ ಚಟ್ನಿಯನ್ನು ನೋಡುತ್ತ ನಿಲ್ಲುತ್ತೇವೆ. ಹೈವೇ ಕರೆಂಟು ಯೂನಿಟ್ಟಿಗೆ ಇಪ್ಪತ್ತರ ಆಜುಬಾಜು, ಮನೆಯದರ ಮೂರು ಪಟ್ಟಿಗೂ ಮೇಲೆ. ಅದರ ಜೊತೆಗೆ ಮುಕ್ಕಾಲು ಗಂಟೆ ಹೋಟೆಲಿನಲ್ಲಿ ಸುಮ್ಮನೆ ಕೂರಲಾಗದೆ ತಿಂದ ವಡೆ, ಮಕ್ಕಳ ಐಸ್‌ಕ್ರೀಮು, ಅಮ್ಮನ ಎರಡನೇ ಕಾಫಿ ಸೇರಿಸಿದರೆ ಪೆಟ್ರೋಲೇ ಅಗ್ಗ. ಈ ಬಾಬ್ತನ್ನು ನಾನು ಖಾತೆಯಲ್ಲಿ ಬರೆಯುವುದಿಲ್ಲ.

ತವರು ಮುಟ್ಟಿದಾಗ ನಮ್ಮದು ಹನ್ನೊಂದು ಪರ್ಸೆಂಟು. ಅಡಿಕೆ ಬೇಯಿಸುವ ಚಪ್ಪರದ ಪಕ್ಕ, ಮೋಟರಿಗೆಂದು ಹಾಕಿಸಿದ್ದ 15 ಆಂಪಿಯರಿನ ಪ್ಲಗ್ಗು. ಕೇಬಲ್ ಚುಚ್ಚಿದೆ. ಕೇಬಲ್ಲಿನ ಡಬ್ಬಿಯ ಮೇಲೆ ಹಸಿರು ಬರಬೇಕಾದ ಕಡೆ ಕೆಂಪು. ಅಂಗಳದ ತುಂಬ ಜನ: ಮಾವ, ಅತ್ತೆ, ಭಾವಮೈದುನ, ಕೊನೆ ತೆಗೆಯುವ ಆಳು, ಕಾರು ನೋಡಲು ಬಂದ ಪಕ್ಕದ ಮನೆಯವರು.

"ಎಂತ ಆಯ್ತು?" ಅಂದರು ಮಾವ.

"ಅರ್ಥಿಂಗ್ ಸರಿ ಇಲ್ಲ ಅಂತಿದೆ ಮಾವ. ಅದು ಇಲ್ದಿದ್ರೆ ಕರೆಂಟು ತಗೊಳ್ಳಲ್ಲ."

"ಸರಿ ಇಲ್ದೆ ಎಂತ? ಇದ್ದಿಲು, ಉಪ್ಪು ಎಲ್ಲ ಹಾಕಿ ನಾನೇ ನಿಂತು ಮಾಡ್ಸಿದ್ದು. ಏಪ್ರಿಲ್ ಅಲ್ವಾ, ಬಾಯಾರಿಕೆ ಆಗಿರ್ತದೆ" ಎಂದವರೇ ಬಚ್ಚಲಿನಿಂದ ಬಿಂದಿಗೆ ನೀರು ತಂದು ಗೋಡೆ ಪಕ್ಕದ ಗುಂಡಿಗೆ ಸುರಿದರು. ಒಣಗಿದ ಮಣ್ಣು ಬುಳುಬುಳು ಎಂದು ಕುಡಿಯಿತು. ಇನ್ನೊಂದು ಬಿಂದಿಗೆ. ಡಬ್ಬಿಯ ಕೆಂಪು ದೀಪ ಒಮ್ಮೆ ಕಣ್ಣು ಪಿಳುಕಿಸಿ ಹಸಿರಾಯಿತು. ನೀರು ಕುಡಿದು ಓಡುವ ಕಾರು ಎಂದು ಪಕ್ಕದ ಮನೆಯವರು ಅಂದೇ ಊರಿಗೆಲ್ಲ ಸುದ್ದಿ ಹಬ್ಬಿಸಿದರು. ಆ ರಾತ್ರಿಯೆಲ್ಲ, ಮರುದಿನ ಹತ್ತು ಗಂಟೆಯವರೆಗೂ ಕಾರು ಮಾವನ ಮನೆಯ ಕರೆಂಟು ಉಂಡಿತು. ಇದೂ ಲಾಭದ ಬಾಬ್ತೇ. ನಿಯಮದಂತೆ ರಾತ್ರಿಯೇ ಆಯಿತು.

ಮರುದಿನ ಮಾವನನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿದು ಸೋಮೇಶ್ವರದ ಕಡೆ ಹೋದೆ. ಹದಿನಾಲ್ಕು ತಿರುವು. ಇಳಿಜಾರಿನಲ್ಲಿ ಈ ಕಾರು ಬ್ರೇಕು ಸವೆಸುವ ಬದಲು ಮೋಟರನ್ನೇ ಡೈನಮೋ ಮಾಡಿಕೊಂಡು ಬ್ಯಾಟರಿಗೆ ಕರೆಂಟು ತುಂಬುತ್ತದೆ. ಒಂದೊಂದು ತಿರುವಿಗೂ ಪರದೆಯ ಸೂಜಿ ಹಸಿರಿನ ಕಡೆಗೆ ವಾಲಿತು. ಕೆಳಗೆ ಮುಟ್ಟುವಷ್ಟರಲ್ಲಿ ಮೂರು ಪರ್ಸೆಂಟು ಏರಿತ್ತು. ಕಾರು ಕೊಂಡ ಮೇಲೆ ಹಗಲು ಹೊತ್ತಿನಲ್ಲಿ, ಅದೂ ಮಾವನ ಕಣ್ಣೆದುರಿಗೆ ಕಂಡ ಮೊದಲ ಲಾಭ. ಮಾವ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು. "ಓಡಿದ್ರೂ ಜಾಸ್ತಿ ಆಗ್ತದಾ? ಹಂಗಾದ್ರೆ ಮತ್ತೆ ಹತ್ತಿ ಇಳಿಯುವ" ಅಂದರು.

ಸಂಜೆ ಹತ್ತಿದೆವು. ಮಾವ ಮಾತಾಡಲಿಲ್ಲ, ಕಣ್ಣು ಪರದೆಯ ಮೇಲೆಯೇ ಇತ್ತು. ಅರವತ್ತನಾಲ್ಕು, ಅರವತ್ತೆರಡು, ಐವತ್ತೊಂಬತ್ತು. ಸೂರ್ಯಾಸ್ತ ನೋಡಲು ಬಂದವರ ಗುಂಪಿನ ಪಕ್ಕ ಮೇಲೆ ಬಂದು ನಿಲ್ಲಿಸಿದಾಗ ಐವತ್ತಮೂರು. ಬೆಳಿಗ್ಗೆ ಕೊಟ್ಟ ಮೂರನ್ನು ಕಿತ್ತುಕೊಂಡು, ಮೇಲೆ ಎಂಟು ಜಡಿದಿತ್ತು.

ಮಾವ ಕನ್ನಡಕ ಮಡಿಸಿ ಜೇಬಿಗಿಟ್ಟರು. "ಈ ಕಾರು ಮಾಡಿದವರು ಮೊದಲು ಎಲ್ಲಿದ್ರು? ನಮ್ಮ ಸೊಸೈಟಿಲಾ?"